ಒಂದೇ ಎರಕದ ಮಹಾಯಂತ್ರಗಳು

ನಮ್ಮ ವಾಚಕರಲ್ಲೊಬ್ಬ ಗೃಹಸ್ಥರು ಹೋದ ತಿಂಗಳು ನಮಗೊಂದು ಕಾಗದ ಬರೆದಿದ್ದರು. ಅವರ ಚಿರಂಜೀವಿಗೆ ಈಗ ಹನ್ನೆರಡನೆಯ ವರ್ಷ. ಈ ರಜೆಯಲ್ಲಿ ಅವನಿಗೆ ಜಪಾನು ದೇಶದ ಹಳೆಯ ಚಿತ್ರಮಾಲೆಗಳ ಗೀಳು ಹತ್ತಿರುವುದಂತೆ. ಕೈಯಿಂದ ಬರೆದ ಚಿತ್ರಗಳೇ ಎದ್ದು ಚಲಿಸುವ ಆಟ. ಅದರಲ್ಲಿ ಮಾಳಿಗೆಯ ಮನೆಗಿಂತ ಎತ್ತರವಾದೊಂದು ಲೋಹಪುರುಷ. ಅದರ ತಲೆಯೊಳಗೆ ಕುಳಿತು ಅದನ್ನು ನಡೆಸುವ ಹುಡುಗ. ಎದುರಿಗೆ ವಾರಕ್ಕೊಂದರಂತೆ ಬಂದು ಸಾಯುವ ರಾಕ್ಷಸಯಂತ್ರ. “ನಾನೂ ಬೇರೆ ಬೇರೆ ನಾಲ್ಕು ಮಾಲೆಗಳನ್ನು ಇಣಿಕಿ ನೋಡಿದೆನು. ಹುಡುಗನ ಹೆಸರು ಬೇರೆ, ಯಂತ್ರದ ಬಣ್ಣ ಬೇರೆ; ಉಳಿದುದೆಲ್ಲ ಒಂದೇ. ಇದರಲ್ಲಿ ಕಾಲಹರಣವಲ್ಲದೆ ಮತ್ತೇನಾದರೂ ಉಂಟೇ? ಬಿಡಿಸಲೋ, ಬಿಡಲೋ, ತಿಳಿಸಬೇಕು” ಎಂದು ಅವರ ಬಿನ್ನಹ.

ಕಾಗದವನ್ನು ಓದಿದೊಡನೆ ಎರಡು ಸಾಲಿನ ಉತ್ತರವನ್ನು ಬರೆದು ಮುಗಿಸೋಣವೆಂದಿದ್ದೆವು. ಹುಡುಗರ ಗೀಳು ಮಳೆಗಾಲದ ಹೊಳೆಯಂತೆ ತಾನಾಗಿ ಇಳಿಯುವುದು ಎಂಬ ಮಾತು ಲೇಖನಿಯ ತುದಿಗೂ ಬಂದಿದ್ದಿತು. ಆದರೆ ನೋಡದ ವಸ್ತುವಿನ ವಿಷಯದಲ್ಲಿ ತೀರ್ಪು ಕೊಡುವುದು ಈ ಪುಟದ ಪದ್ಧತಿಯಲ್ಲ. ಆದಕಾರಣ ಒಂದು ತಿಂಗಳು ರಾತ್ರಿಯ ಊಟವಾದ ಮೇಲೆ ಕುಳಿತು ಆ ಮಾಲೆಗಳನ್ನು ಒಂದೊಂದಾಗಿ ನೋಡಿದೆವು. ಮನೆಯಲ್ಲಿ ನಮ್ಮನ್ನು ಕಂಡು ನಕ್ಕವರೂ ಉಂಟು. ಅದಿರಲಿ.

ಮೊದಲಿಗೆ ನಮ್ಮ ಗೃಹಸ್ಥರ ಪಕ್ಷದ ಮಾತನ್ನೇ ಹೇಳುವೆವು. ಅವರ ಆಕ್ಷೇಪಣೆ ಬಹುಮಟ್ಟಿಗೆ ನಿಜವಾದುದು. ಈ ಕಥೆಗಳಲ್ಲಿ ಮಹಾಯಂತ್ರವನ್ನು ಕಟ್ಟುವವನು ಬಹುಶಃ ಹುಡುಗನ ತಂದೆಯೋ ತಾತನೋ ಆಗಿರುವನು. ಆ ಹಿರಿಯನು ಕಥೆಯ ಆರಂಭದಲ್ಲಿ ಸಾಯುವನು, ಇಲ್ಲವೇ ಕಾಣೆಯಾಗುವನು. ಸಮುದ್ರದ ದಡದಲ್ಲಿಯೋ ಬೆಟ್ಟದ ತಪ್ಪಲಿನಲ್ಲಿಯೋ ಒಂದು ಸಂಶೋಧನಾಲಯವಿರುವುದು. ಅಲ್ಲಿ ಗಂಭೀರ ಮುಖದ ಪ್ರೊಫೆಸರರೊಬ್ಬರು ಹಿಂದೆ ಕೈಕಟ್ಟಿಕೊಂಡು ನಿಂತಿರುವರು. ಶತ್ರುವಾದವನು ತನ್ನಲ್ಲಿರುವ ನೂರಾರು ಯಂತ್ರಗಳನ್ನು ಒಟ್ಟಿಗೆ ಕಳುಹಿಸಿದರೆ ಒಂದೇ ದಿನದಲ್ಲಿ ಗೆದ್ದಾನು. ಆದರೆ ಅವನು ವಾರಕ್ಕೆ ಒಂದನ್ನಲ್ಲದೆ ಕಳುಹಿಸಲೊಲ್ಲನು. ಹುಡುಗನು ಆಯುಧವನ್ನು ಪ್ರಯೋಗಿಸುವ ಮುನ್ನ ಅದರ ಹೆಸರನ್ನು ಗಂಟಲು ಹರಿಯುವಂತೆ ಕೂಗಿ ಶತ್ರುವಿಗೆ ತಿಳಿಸಿಯೇ ಪ್ರಯೋಗಿಸುವನು. ಐದು ಮಂದಿಯ ತಂಡವಾದರೆ ಒಬ್ಬನು ಧೀರ, ಒಬ್ಬನು ಮೌನಿ, ಒಬ್ಬನು ಸ್ಥೂಲಕಾಯ, ಒಬ್ಬ ಹುಡುಗಿ, ಒಬ್ಬ ಚಿಕ್ಕವನು. ಹುಡುಗಿಗೆ ಕೊಡುವ ಯಂತ್ರವು ಪ್ರತಿವಾರವೂ ಮುರಿಯುವುದಕ್ಕಾಗಿಯೇ ಮಾಡಿದಂತೆ ತೋರುವುದು. ನಮ್ಮ ಮನೆಯ ಹೆಣ್ಣುಮಕ್ಕಳು ಇದೊಂದನ್ನು ಕಡೆಯವರೆಗೂ ಕ್ಷಮಿಸಲಿಲ್ಲ. ನಾವೂ ಅವರಿಗೆ ಸಮಾಧಾನ ಹೇಳಲಾರದೆ ಹೋದೆವು.

ಯಂತ್ರಗಳ ಎತ್ತರದಲ್ಲಿಯೂ ಒಂದು ವಿನೋದವುಂಟು. ೧೯೭೨ರ ‘ಮಾಜಿಂಗರ್ ಜೆಡ್’ ಎಂಬ ಯಂತ್ರದ ಎತ್ತರ ೧೮ ಮೀಟರು. ೧೯೭೯ರ ‘ಗಂಡಮ್’ ಎಂಬುದರ ಎತ್ತರವೂ ಅಷ್ಟೇ. ೧೯೭೬ರ ‘ಕೋಂಬಾಟ್ಲರ್ ವಿ’ ೫೭ ಮೀಟರು ಎತ್ತರ, ೫೫೦ ಟನ್ನು ತೂಕ. ಮರುವರ್ಷ ಅದೇ ನಿರ್ದೇಶಕರ ಕೈಯಿಂದ ಬಂದ ‘ವೋಲ್ಟೆಸ್ ಫೈವ್’ ೫೮ ಮೀಟರು, ೬೦೦ ಟನ್ನು. ತಮ್ಮನು ಅಣ್ಣನಿಗಿಂತ ಒಂದು ಮೀಟರು ಉದ್ದವಾಗಿ ಬೆಳೆದನೆಂದು ಹೇಳಬೇಕು.

ಈ ಸಾಮ್ಯವೆಲ್ಲ ಏತರಿಂದ ಬಂದಿತು? ಮೊದಲನೆಯ ಕಾರಣವನ್ನು ನಮ್ಮ ವಾಚಕರಲ್ಲಿ ವರ್ತಕರಾದವರು ಕೂಡಲೆ ಊಹಿಸಿಯಾರು. ಅದು ಅಂಗಡಿಯ ಕಾರಣ. ಜಪಾನಿನಲ್ಲಿ ಈ ಮಾಲೆಗಳ ಖರ್ಚನ್ನು ಹೊತ್ತವರು ಮಕ್ಕಳ ವಸ್ತುಗಳನ್ನು ಮಾರುವವರು. ೧೯೬೩ರಲ್ಲಿ ಟೆಲಿವಿಷನ್ನಿಗೆ ಬಂದ ‘ತೆತ್ಸುಜಿನ್ ೨೮-ಗೋ’ ಎಂಬ ಮಾಲೆಯ ಹಾಡಿನ ಕೊನೆಯಲ್ಲಿ ಗ್ಲಿಕೋ ಎಂಬ ಮಿಠಾಯಿ ಕಂಪೆನಿಯ ಹೆಸರನ್ನೇ ಹಾಡಿ ಮುಗಿಸುತ್ತಿದ್ದರು. ಹತ್ತು ವರ್ಷಗಳ ತರುವಾಯ ಮಿಠಾಯಿಯ ಸ್ಥಾನಕ್ಕೆ ಬೊಂಬೆಯು ಬಂದಿತು. ಪಾಪಿ ಎಂಬ ಕಂಪೆನಿಯು ೧೯೭೩ರಲ್ಲಿ ಮಾಜಿಂಗರ್ ಯಂತ್ರದ ಸುಮಾರು ೬೦ ಸೆಂಟಿಮೀಟರು ಎತ್ತರದ ಪ್ಲಾಸ್ಟಿಕ್ ಬೊಂಬೆಯನ್ನೂ, ೧೯೭೪ರಲ್ಲಿ ಸತುವಿನ ಎರಕದ ಚಿಕ್ಕ ಬೊಂಬೆಯನ್ನೂ ಮಾರಾಟಕ್ಕಿಟ್ಟಿತು. ಚಿಕ್ಕದಕ್ಕೆ ಇಟ್ಟ ಹೆಸರು ‘ಚೋಗೋಕಿನ್’, ಎಂದರೆ ಮಹಾಮಿಶ್ರಲೋಹ. ಕಥೆಯೊಳಗಿನ ಯಂತ್ರವನ್ನು ಮಾಡಿದ ಲೋಹದ ಹೆಸರೂ ಅದೇ. ಹೀಗೆ ಕಥೆಯೊಳಗಿನ ವಸ್ತುವು ಹುಡುಗನ ಅಂಗೈಯಲ್ಲಿ ತಣ್ಣಗೆ ಭಾರವಾಗಿ ಕುಳಿತಾಗ ಅದರ ಮೋಹ ಎಷ್ಟೆಂಬುದನ್ನು ಹೇಳಬೇಕಾದುದಿಲ್ಲ. ಮೂರು ವಿಮಾನಗಳು ಕೂಡಿ ಒಂದು ಯಂತ್ರಪುರುಷವಾಗುವ ‘ಗೆಟ್ಟರ್ ರೋಬೋ’ ೧೯೭೪ರಲ್ಲಿ ಬಂದಿತು. ಆ ಕೂಡುವಿಕೆಯು ಚಿತ್ರದಲ್ಲಿ ಮಾತ್ರ ಸಾಧ್ಯವಾದುದು; ಅದರಂತೆ ಬೊಂಬೆಯನ್ನು ಮಾಡಲಾಗುತ್ತಿರಲಿಲ್ಲ. ಎರಡು ವರ್ಷಗಳಾದ ಮೇಲೆ ಕೋಂಬಾಟ್ಲರಿನ ಕಾಲಕ್ಕೆ ಐದು ವಾಹನಗಳನ್ನೂ ಬಿಡಿಬಿಡಿಯಾಗಿ ಕೊಂಡು ಮನೆಯಲ್ಲಿಯೇ ಜೋಡಿಸಬಹುದಾಯಿತು. ಒಂದನ್ನು ಕೊಂಡ ಮಗುವು ಉಳಿದ ನಾಲ್ಕಕ್ಕಾಗಿ ಹಟ ಹಿಡಿಯದೆ ಇದ್ದೀತೇ? ಅಲ್ಲಿಯ ತಂದೆಯರ ಸಂಕಟವನ್ನು ನೆನೆದು ನಮಗೆ ಮರುಕ ಹುಟ್ಟಿತು.

ಎರಡನೆಯ ಕಾರಣ ಹಣ ಮತ್ತು ಕಾಲಗಳ ಕೊರತೆ. ವಾರಕ್ಕೆ ಅರ್ಧ ಗಂಟೆಯ ಚಿತ್ರವನ್ನು ಕೈಯಿಂದ ಬರೆದು ಮುಗಿಸುವುದು ಸಾಮಾನ್ಯದ ಕೆಲಸವಲ್ಲ. ಆದುದರಿಂದ ಯಂತ್ರವು ನೆಲಮಾಳಿಗೆಯಿಂದ ಏಳುವ ದೃಶ್ಯ, ಭಾಗಗಳು ಕೂಡುವ ದೃಶ್ಯ, ಕಡೆಯ ಆಯುಧವನ್ನು ಬಿಡುವ ದೃಶ್ಯ, ಇವನ್ನು ಒಮ್ಮೆ ಚೆನ್ನಾಗಿ ಬರೆದಿಟ್ಟುಕೊಂಡು ಪ್ರತಿವಾರವೂ ಅದನ್ನೇ ಬಳಸುತ್ತಿದ್ದರು. ದೊಡ್ಡವರಿಗೆ ಇದು ಬೇಸರ. ಮಕ್ಕಳಿಗಾದರೋ ಇದೇ ಹಬ್ಬ. ನಮ್ಮ ಬಯಲಾಟದಲ್ಲಿ ರಾಕ್ಷಸವೇಷವು ರಂಗಕ್ಕೆ ಬರುವ ಕ್ರಮವನ್ನು ನೋಡುವವನು ಮೊದಲೇ ಬಲ್ಲನು. ಬಲ್ಲುದರಿಂದಲೇ ನಿದ್ದೆಗೆಟ್ಟು ಕಾದಿರುವನು.

ಇಷ್ಟೇ ಆಗಿದ್ದರೆ ನಮ್ಮ ಗೃಹಸ್ಥರಿಗೆ “ಬಿಡಿಸಿರಿ” ಎಂದು ಬರೆದುಬಿಡುತ್ತಿದ್ದೆವು. ಆದರೆ ಅಂಗಡಿಯ ಲೆಕ್ಕವು ಬೊಂಬೆಯೇಕೆ ಬೇಕೆಂಬುದನ್ನು ತಿಳಿಸುವುದೇ ಹೊರತು, ಆ ಬೊಂಬೆಯನ್ನು ಯಾವಾಗಲೂ ಸತ್ತ ಹಿರಿಯನೊಬ್ಬನೇ ಏಕೆ ಬಿಟ್ಟುಹೋಗಬೇಕೆಂಬುದನ್ನು ತಿಳಿಸಲಾರದು. ಅದಕ್ಕೆ ಕೋಬೆ ಪಟ್ಟಣಕ್ಕೆ ಹೋಗಬೇಕು.

ಮಿತ್ಸುತೆರು ಯೊಕೊಯಾಮಾ ಎಂಬವರು ೧೯೩೪ರಲ್ಲಿ ಆ ಪಟ್ಟಣದಲ್ಲಿ ಹುಟ್ಟಿದರು. ಯುದ್ಧಕಾಲದಲ್ಲಿ ಮಕ್ಕಳನ್ನು ಪಟ್ಟಣದಿಂದ ಸಾಗಿಸಿದಾಗ ಅವರೂ ದೂರದ ಸೀಮೆಗೆ ಹೋಗಬೇಕಾಯಿತು. ೧೯೪೫ರಲ್ಲಿ ಬಿ-೨೯ ಎಂಬ ಅಮೆರಿಕದ ಬಾಂಬು ವಿಮಾನಗಳು ಕೋಬೆಯ ಮೇಲೆ ಬೆಂಕಿಯ ಮಳೆಗರೆದವು. ಹುಡುಗನು ಊರಿಗೆ ಮರಳಿದಾಗ ಬೀದಿಗಳಿದ್ದ ಕಡೆಯಲ್ಲಿ ಸುಟ್ಟ ಬಯಲಿದ್ದಿತು. ಆ ವಿಮಾನಗಳ ಭಯ, ಜರ್ಮನರು ಕಡೆಗಾಲದಲ್ಲಿ ಹಾರಿಸಿದ ರಾಕೆಟ್ಟುಗಳ ಸುದ್ದಿ, ಫ್ರಾಂಕೆನ್‌ಸ್ಟೈನನ ಚಲಚ್ಚಿತ್ರ, ಈ ಮೂರೂ ಸೇರಿ ತಮ್ಮ ಮನಸ್ಸಿನಲ್ಲಿ ಒಂದು ಲೋಹಪುರುಷವಾಯಿತೆಂದು ಅವರೇ ಮುಂದೆ ಹೇಳಿಕೊಂಡಿರುವರು. ೧೯೫೬ರಲ್ಲಿ ಅವರು ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ಚಿತ್ರಕಥೆಯಾಗಿ ಬರೆಯತೊಡಗಿದ ‘ತೆತ್ಸುಜಿನ್ ೨೮-ಗೋ’, ಎಂದರೆ ‘ಇಪ್ಪತ್ತೆಂಟನೆಯ ಉಕ್ಕಿನಾಳು’, ಈ ವಂಶಕ್ಕೆ ಮೂಲಪುರುಷನು.

ಕಥೆ ಹೀಗಿರುವುದು. ಸೋಲು ಹತ್ತಿರವಾದ ಕಾಲದಲ್ಲಿ ಜಪಾನಿನ ಸೈನ್ಯವು ಯುದ್ಧವನ್ನು ಗೆಲ್ಲುವುದಕ್ಕೆಂದು ಗುಟ್ಟಾಗಿ ಯಂತ್ರಮಾನವರನ್ನು ಮಾಡಿಸುತ್ತಿದ್ದಿತು. ಯುದ್ಧ ಮುಗಿಯಿತು, ಯಂತ್ರ ಉಳಿಯಿತು. ಅದನ್ನು ಮಾಡಿದ ವಿಜ್ಞಾನಿಯ ಮಗ ಶೋತಾರೋ ಎಂಬ ಚಿಕ್ಕ ಹುಡುಗನ ಕೈಗೆ ಅದರ ನಿಯಂತ್ರಣಪೆಟ್ಟಿಗೆ ಬರುವುದು. ಇಲ್ಲಿ ನಾವು ಗಮನಿಸತಕ್ಕ ಮಾತೊಂದುಂಟು. ಆ ಪತ್ರಿಕೆಯಲ್ಲಿಯೇ ಆಗ ಒಸಾಮು ತೆಜುಕಾ ಎಂಬವರ ಆಟಮ್ ಎಂಬ ಯಂತ್ರಬಾಲಕನ ಕಥೆಯೂ ಬರುತ್ತಿದ್ದಿತು. ಆಟಮನಿಗೆ ಮನಸ್ಸುಂಟು, ಕಣ್ಣೀರುಂಟು, ನ್ಯಾಯಾನ್ಯಾಯಗಳ ವಿವೇಕವುಂಟು. ಯೊಕೊಯಾಮಾ ಅವರ ಉಕ್ಕಿನಾಳಿಗೆ ಇವಾವುವೂ ಇಲ್ಲ. ಪೆಟ್ಟಿಗೆ ಶೋತಾರೋವಿನ ಕೈಯಲ್ಲಿದ್ದರೆ ಅವನು ಊರನ್ನು ಕಾಯುವನು. ಕಳ್ಳರ ಕೈಗೆ ಸಿಕ್ಕಿದರೆ ಅದೇ ಊರನ್ನು ತುಳಿಯುವನು. ಕಥೆಯ ಸ್ವಾರಸ್ಯವೆಲ್ಲ ಯಂತ್ರಗಳ ಕುಸ್ತಿಯಲ್ಲಿಲ್ಲ. ಪೆಟ್ಟಿಗೆ ಯಾರ ಕೈಯಲ್ಲಿದೆ ಎಂಬ ಕಳವಳದಲ್ಲಿದೆ. ಹತ್ತನೆಯ ವಯಸ್ಸಿನಲ್ಲಿ ಊರು ಸುಟ್ಟುದನ್ನು ಕಂಡವನಿಗೆ ಆಯುಧದಲ್ಲಿ ಪುಣ್ಯ ಪಾಪಗಳಿಲ್ಲವೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಿರಿಯರು ತಮ್ಮ ಜಗಳಕ್ಕಾಗಿ ಮಾಡಿದ ಆಯುಧ. ಅದನ್ನು ಕೇಳದೆಯೇ ಪಡೆದ ಮಗು. ನಮಗೆ ತೋರುವಂತೆ ಎರಕದ ಅಚ್ಚು ಇದೇ. ಯಾರು ಕೂಗಿದರೂ ಯಾವ ಬೊಂಬೆ ಮಾರಾಟವಾದರೂ ಈ ಅಚ್ಚು ಬದಲಾಗಲಿಲ್ಲ. ಒಳಗೆ ಹೊಯ್ದುದು ಮಾತ್ರ ಕಾಲಕಾಲಕ್ಕೆ ಬೇರೆಯಾಗುತ್ತ ಬಂದಿತು.

ಗೋ ನಾಗಾಯಿ ಎಂಬ ಚಿತ್ರಕಾರರು ಒಂದು ದಿನ ವಾಹನಗಳ ದಟ್ಟಣೆಯಲ್ಲಿ ಸಿಕ್ಕಿಕೊಂಡಿದ್ದಾಗ, ತಮ್ಮ ಕಾರಿಗೆ ಕೈಕಾಲು ಮೂಡಿ ಅದು ಮುಂದಿನ ಗಾಡಿಗಳನ್ನೆಲ್ಲ ದಾಟಿಹೋದರೆ ಎಷ್ಟು ಚೆನ್ನೆಂದು ಯೋಚಿಸಿದರಂತೆ. ಹುಡುಗನು ದೂರದಲ್ಲಿ ಪೆಟ್ಟಿಗೆ ಹಿಡಿದು ನಿಲ್ಲದೆ ಯಂತ್ರದೊಳಗೆ ಕುಳಿತು ನಡೆಸುವ ಪದ್ಧತಿಯನ್ನು ಮನೆಮಾತಾಗಿ ಮಾಡಿದುದು ಅವರ ‘ಮಾಜಿಂಗರ್ ಜೆಡ್’. ೧೯೭೨ರ ಡಿಸೆಂಬರಿನಿಂದ ೧೯೭೪ರ ಸೆಪ್ಟೆಂಬರಿನವರೆಗೆ ೯೨ ಭಾಗಗಳಾಗಿ ಇದು ಬಂದಿತು. ಕೋಜಿ ಎಂಬ ತಾಯಿತಂದೆಯರಿಲ್ಲದ ಹುಡುಗನಿಗೆ ಅವನ ತಾತನು ಸಾಯುತ್ತ ಈ ಯಂತ್ರವನ್ನು ಒಪ್ಪಿಸುವನು. ಇದನ್ನು ಪಡೆದ ನೀನು ದೇವರೂ ಆಗಬಹುದು, ಪಿಶಾಚಿಯೂ ಆಗಬಹುದು ಎಂಬ ಅಭಿಪ್ರಾಯದ ಮಾತನ್ನು ಆಡಿ ಕಣ್ಣು ಮುಚ್ಚುವನು. ಯಂತ್ರದ ಹೆಸರಿನಲ್ಲಿಯೇ ಭೂತವೂ ದೇವತೆಯೂ ಬೆರೆತಿರುವುವು. ಮೊದಲ ಸಾರಿ ಏರಿದ ಕೋಜಿಗೆ ಅದನ್ನು ನಡೆಸುವುದು ತಿಳಿಯದು. ಕಾಪಾಡಬೇಕಾದ ಊರನ್ನೇ ಅವನ ಯಂತ್ರವು ಕೆಡವತೊಡಗುವುದು. ಪೆಟ್ಟಿಗೆಯ ಪ್ರಶ್ನೆಯು ಹೀಗೆ ಹುಡುಗನ ಎದೆಯೊಳಕ್ಕೆ ಬಂದಿತು. ತರುವಾಯದ ಭಾಗಗಳಲ್ಲಿ ಬಹುಪಾಲು ಗದ್ದಲವೇ ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ಕಡೆಯ ಭಾಗದಲ್ಲಿ ಮಾಜಿಂಗರ್ ಹೊಸ ಶತ್ರುಗಳಿಂದ ನುಚ್ಚುನೂರಾಗುವನು. ಆಗ ಆಕಾಶದಿಂದ ಇನ್ನೊಂದು ಮಾಜಿಂಗರ್ ಇಳಿದುಬಂದು ರಕ್ಷಿಸುವುದು. ಮುಂದಿನ ವಾರ ಆ ಹೊಸದರ ಮಾಲೆ ಪ್ರಾರಂಭ. ವೀರನ ಪತನವನ್ನು ಕೂಡ ಜಾಹೀರಾತಾಗಿ ಮಾಡಿದ ಜಾಣತನಕ್ಕೆ ಏನೆನ್ನೋಣ!

ಈ ಮಾಲೆಯ ಖಳರಲ್ಲೊಬ್ಬನ ಹೆಸರು ನಮ್ಮ ಕಿವಿಯನ್ನು ನಿಮಿರಿಸಿತು. ಅರ್ಧ ದೇಹ ಗಂಡು, ಅರ್ಧ ದೇಹ ಹೆಣ್ಣು. ಹೆಸರು ‘ಬ್ಯಾರನ್ ಅಶುರ’. ಇದು ನಮ್ಮ ಅಸುರ ಶಬ್ದವೇ. ಬೌದ್ಧಧರ್ಮದೊಡನೆ ಚೀನದ ಮಾರ್ಗವಾಗಿ ಜಪಾನಿಗೆ ಹೋದ ಸಂಸ್ಕೃತ ಮಾತುಗಳಲ್ಲಿ ಇದೂ ಒಂದು. ನಾರಾ ಪಟ್ಟಣದ ಕೋಫುಕುಜಿ ದೇವಾಲಯದಲ್ಲಿ ೭೩೪ರಲ್ಲಿ ಮಾಡಿದ ಅಶುರನ ವಿಗ್ರಹವಿರುವುದು: ಮೂರು ಮುಖ, ಆರು ತೋಳು, ಎಳೆಯ ಹುಡುಗನ ಮೈಕಟ್ಟು, ಏನನ್ನೋ ನೆನೆದು ನೊಂದಂತಹ ಹುಬ್ಬುಗಳು. ನಮ್ಮ ಪುರಾಣದ ಅಸುರನಿಗೆ ಇಂತಹ ಮುಖವನ್ನು ನಾವು ಕೊಟ್ಟುದು ಕಡಮೆ. ಹಾಗೆಯೇ ಕೋಂಬಾಟ್ಲರ್ ಮಾಲೆಯಲ್ಲಿ ಶತ್ರುಗಳ ದಂಡನಾಯಕನ ಹೆಸರು ‘ಗರುಡ’. ಅವನಿಗೂ ರೆಕ್ಕೆಗಳುಂಟು. ವಿಷ್ಣುವಾಹನನು ಅಷ್ಟು ದೂರ ಹೋಗಿ ವೈರಿಪಕ್ಷವನ್ನು ಸೇರಿದುದನ್ನು ಕಂಡು ನಮಗೆ ಮೊದಲು ನಗು ಬಂದಿತು. ಅವನ ಕಥೆಯನ್ನು ಪೂರ್ತಿ ನೋಡಿದ ಮೇಲೆ ನಗು ನಿಂತಿತು.

ಈ ಗರುಡನು ತಾಯಿಯ ಆಜ್ಞೆಯನ್ನು ಶಿರಸಾವಹಿಸಿ ಹೋರಾಡುವನು. ಸೋತು ಬಂದಾಗಲೆಲ್ಲ ತಾಯಿಯ ಎದುರಿನಲ್ಲಿ ತಲೆತಗ್ಗಿಸುವನು. ಕಡೆಗೊಂದು ದಿನ ಅವನಿಗೆ ನಿಜ ತಿಳಿಯುವುದು: ತಾನು ಹೆತ್ತ ಮಗನಲ್ಲ, ಮಾಡಿದ ಯಂತ್ರ, ತನ್ನಂತೆಯೇ ಮೊದಲು ಮಾಡಿ ಸರಿಬರಲಿಲ್ಲವೆಂದು ಎಸೆದ ಬೇರೆ ಗರುಡರೂ ಇದ್ದರು. ಹುಡುಗರಿಗೆಂದು ಸಂಜೆಯ ಹೊತ್ತಿನಲ್ಲಿ ತೋರಿಸುತ್ತಿದ್ದ ಆಟದಲ್ಲಿ ಈ ದೃಶ್ಯವಿರುವುದು. ಹಿರಿಯರು ಕಿರಿಯರ ಕೈಗೆ ಆಯುಧವನ್ನು ಕೊಡುವ ಕಥೆಯೇ ಇಲ್ಲಿ ಇನ್ನೊಂದು ಮಗ್ಗುಲಿಗೆ ತಿರುಗಿ, ಮಗನೇ ಆಯುಧವಾಗಿರುವನು. ಶತ್ರುವಿನ ಮನೆಯಲ್ಲಿಯೂ ನಮ್ಮ ಮನೆಯ ದುಃಖವೇ ಇದೆಯೆಂದು ಮಕ್ಕಳಿಗೆ ತೋರಿಸಿದವರು ತಾದಾವೊ ನಾಗಾಹಾಮಾ ಎಂಬ ನಿರ್ದೇಶಕರು.

ಅವರದೇ ‘ವೋಲ್ಟೆಸ್ ಫೈವ್’ ೧೯೭೭ರಲ್ಲಿ ಬಂದಿತು. ಇದರಲ್ಲಿ ಬೋಜಾನ್ ಎಂಬ ಲೋಕವುಂಟು. ಅಲ್ಲಿ ಕೊಂಬುಳ್ಳವರು ಒಡೆಯರು, ಕೊಂಬಿಲ್ಲದವರು ಆಳುಗಳು. ಕಾಣೆಯಾದ ತಂದೆಯನ್ನು ಹುಡುಕುವ ಮೂವರು ಸಹೋದರರಿಗೆ ತಂದೆಯು ಆ ಲೋಕದವನೇ ಎಂದೂ, ತಾವು ಇಷ್ಟು ದಿನ ಕಾದಾಡಿದ ರಾಜಕುಮಾರ ಹೈನೆಲನು ಅದೇ ತಂದೆಗೆ ಹುಟ್ಟಿದ ಅಣ್ಣನೆಂದೂ ತಿಳಿಯುವಾಗ ಹೊತ್ತು ಮೀರಿರುವುದು. ಕರ್ಣನ ಕಥೆಯನ್ನು ಬಲ್ಲ ಮನೆಗಳಲ್ಲಿ ಇದಕ್ಕೆ ವ್ಯಾಖ್ಯಾನ ಬೇಡ.

ಈ ಮಾಲೆಯ ವಿಷಯದಲ್ಲಿ ಮಾತ್ರ “ಬಿಡಿಸಲೋ ಬಿಡಲೋ” ಎಂಬ ನಮ್ಮ ಗೃಹಸ್ಥರ ಪ್ರಶ್ನೆಯನ್ನು ಒಂದು ದೇಶದ ಸರ್ಕಾರವೇ ಕೈಗೆತ್ತಿಕೊಂಡಿತು. ಫಿಲಿಪ್ಪೈನ್ಸ್ ದ್ವೀಪಗಳಲ್ಲಿ ೧೯೭೮ರಿಂದ ಇದು ಟೆಲಿವಿಷನ್ನಿನಲ್ಲಿ ಬಂದು ಮಕ್ಕಳಿಗೆ ಪ್ರಾಣವಾಗಿದ್ದಿತು. ೧೯೭೯ರ ಆಗಸ್ಟಿನಲ್ಲಿ, ಕಥೆ ಮುಗಿಯುವುದಕ್ಕೆ ಕೆಲವೇ ಭಾಗಗಳಿದ್ದಾಗ, ಅಧ್ಯಕ್ಷ ಮಾರ್ಕೋಸರ ಸರ್ಕಾರವು ಇದನ್ನೂ ಇಂತಹ ಇತರ ಯಂತ್ರಮಾನವ ಮಾಲೆಗಳನ್ನೂ ನಿಲ್ಲಿಸಿತು. ಹಿಂಸೆ ಮಿತಿಮೀರಿತೆಂಬುದು ಹೊರಗೆ ಹೇಳಿದ ಕಾರಣ. ದಬ್ಬಾಳಿಕೆಯ ದೊರೆಯ ಮೇಲೆ ಆಳುಗಳು ತಿರುಗಿಬೀಳುವ ಕಡೆಯ ಭಾಗಗಳೇ ದೊರೆಗೆ ಚುಚ್ಚಿದುವೆಂದು ಅಲ್ಲಿಯ ಜನರಲ್ಲಿ ಅನೇಕರು ಇಂದಿಗೂ ನಂಬಿರುವರು. ೧೯೮೬ರ ಫೆಬ್ರುವರಿಯಲ್ಲಿ ಮಾರ್ಕೋಸರು ಪದಚ್ಯುತರಾಗಿ ದೇಶವನ್ನು ಬಿಟ್ಟರು. ಆ ಮೇಲೆಯೇ ಮಕ್ಕಳಿಗೆ ಕಥೆಯ ಅಂತ್ಯವು ಕಾಣಸಿಕ್ಕಿತು. ಅಷ್ಟು ಹೊತ್ತಿಗೆ ಅವರು ಮಕ್ಕಳಾಗಿ ಉಳಿದಿರಲಿಲ್ಲ. ೨೦೨೩ರಲ್ಲಿ ಆ ದೇಶದವರು ಅದೇ ಕಥೆಯನ್ನು ನಟರಿಂದ ಆಡಿಸಿ ಹೊಸದೊಂದು ಮಾಲೆಯನ್ನಾಗಿ ಮಾಡಿದರು. ಯೂರೋಪಿನಲ್ಲಿಯೂ ತಕರಾರು ಇಲ್ಲದಿರಲಿಲ್ಲ. ನಾಗಾಯಿ ಅವರ ‘ಗ್ರೆಂಡೈಜರ್’ ೧೯೭೮ರಲ್ಲಿ ಫ್ರಾನ್ಸು ಮತ್ತು ಇಟಲಿಗಳಿಗೆ ಹೋದಾಗ ಮಕ್ಕಳು ಕುಣಿದರು, ತಾಯಿತಂದೆಯರು ಗಾಬರಿಯಾದರು. ನಮ್ಮ ಗೃಹಸ್ಥರು ಒಂಟಿಯಲ್ಲವೆಂದು ತಿಳಿಯಲಿ.

ಈಗ ನಮ್ಮ ಮನಸ್ಸನ್ನು ಬಹಳವಾಗಿ ಕಲಕಿದ ಮಾಲೆಗೆ ಬರುವೆವು. ‘ಜಾಂಬಾಟ್ ತ್ರೀ’ ಎಂಬುದು ಅದರ ಹೆಸರು. ೧೯೭೭ರ ಅಕ್ಟೋಬರಿನಿಂದ ೧೯೭೮ರ ಮಾರ್ಚಿಯವರೆಗೆ ೨೩ ಭಾಗಗಳು. ನಿರ್ದೇಶಕರು ಯೊಶಿಯುಕಿ ತೊಮಿನೊ. ಹೊರಗಿನಿಂದ ನೋಡಿದರೆ ಇದಕ್ಕಿಂತ ಹಳೆಯ ಸರಕು ಬೇರೊಂದಿಲ್ಲ. ಮೂರು ವಾಹನಗಳು ಕೂಡುವುವು, ಯಂತ್ರವು ಏಳುವುದು, ಹುಡುಗನು ಕೂಗುವನು. ಬಣ್ಣಗಳೋ ಜಾತ್ರೆಯ ಬೊಂಬೆಯಂತೆ. ಆದರೆ ತೊಮಿನೊ ಅವರು ಇದುವರೆಗೆ ಯಾರೂ ಕೇಳದಿದ್ದ ಮನೆವಾರ್ತೆಯ ಪ್ರಶ್ನೆಯನ್ನು ಕೇಳಿದರು: ಅಷ್ಟು ದೊಡ್ಡ ಯಂತ್ರಗಳು ಊರ ನಡುವೆ ಹೊಡೆದಾಡಿದರೆ ಕೆಳಗಿನ ಮನೆಗಳ ಗತಿಯೇನು?

ಗತಿ ಇಷ್ಟೇ: ಮನೆಗಳು ಬೀಳುವುವು, ಜನರು ಮೂಟೆ ಹೊತ್ತು ಅಲೆಯುವರು. ಇಂತಹ ಜನರು ತಮ್ಮನ್ನು ಕಾಯುತ್ತಿರುವ ಕುಟುಂಬಕ್ಕೆ ಕೈಮುಗಿಯುವುದಿಲ್ಲ, ಕಲ್ಲೆಸೆಯುವರು. ನೀವು ಇಲ್ಲಿರುವುದರಿಂದಲ್ಲವೇ ಶತ್ರುವು ಇಲ್ಲಿಗೆ ಬರುವುದು ಎಂದು ಬಯ್ಯುವರು. ಜಿನ್ ಎಂಬ ಆ ಮನೆತನದ ಅಜ್ಜ, ಅಜ್ಜಿ, ತಂದೆತಾಯಿ, ಚಿಕ್ಕಪ್ಪಂದಿರು ಎಲ್ಲರೂ ಒಟ್ಟಿಗೆ ಇದ್ದು ಯುದ್ಧ ಮಾಡುವರು. ಅವಿಭಕ್ತ ಕುಟುಂಬವೊಂದು ಹೀಗೆ ಸಕಲ ಪರಿವಾರಸಹಿತವಾಗಿ ರಣರಂಗಕ್ಕಿಳಿದುದನ್ನು ನಾವು ಬೇರೆ ಯಾವ ಮಾಲೆಯಲ್ಲಿಯೂ ಕಾಣಲಿಲ್ಲ. ಯಂತ್ರವನ್ನು ನಡೆಸುವ ಮೂವರು ಮಕ್ಕಳಿಗೆ ಭಯವೇ ಇಲ್ಲ. ಏಕೆಂದರೆ ಹಿರಿಯರು ಅವರಿಗೆ ನಿದ್ರೆಯಲ್ಲಿಯೇ ಯುದ್ಧವಿದ್ಯೆಯನ್ನು ಕಲಿಸಿ ಭಯವನ್ನು ತೆಗೆದುಬಿಟ್ಟಿರುವರು. ಇದನ್ನು ತಿಳಿದಾಗ ನಮಗೆ ಮೈ ಜುಮ್ಮೆಂದಿತು. ಉಕ್ಕಿನ ಯಂತ್ರವನ್ನು ಮಕ್ಕಳ ಕೈಗೆ ಕೊಡುವುದು ಒಂದು. ಮಗುವಿನ ಅಂಜಿಕೆಯನ್ನೇ ಕೇಳದೆ ಕಿತ್ತುಕೊಳ್ಳುವುದು ಇನ್ನೊಂದು. ಪ್ರೀತಿಯಿಂದಲೇ ಮಾಡಿದುದು, ಸಂದೇಹವಿಲ್ಲ.

ಶತ್ರುವು ಕಡೆಗೆ ಮಾಡುವ ಕಾರ್ಯವನ್ನು ಬರೆಯಲು ಕೈ ಹಿಂಜರಿಯುವುದು. ಸೆರೆಹಿಡಿದ ಸಾಮಾನ್ಯ ಜನರ ಮೈಯಲ್ಲಿ ಬಾಂಬನ್ನು ಅಡಗಿಸಿ ಊರಿಗೆ ಕಳುಹಿಸುವನು. ಬೆನ್ನಿನ ಮೇಲೊಂದು ಗುರುತು. ಅದನ್ನು ಕಂಡವರು, ಇನ್ನು ತಮ್ಮವರ ಹತ್ತಿರ ನಿಲ್ಲಬಾರದೆಂದು ಅಳುತ್ತ ದೂರ ನಡೆದುಹೋಗುವರು. ನಾಯಕನಾದ ಕಾಪ್ಪೆಯಿಯ ಬಾಲ್ಯದ ಗೆಳತಿಯೊಬ್ಬಳೂ ಹೀಗೆಯೇ ಅಳಿಯುವಳು. ಕೊನೆಯಲ್ಲಿ ಅಜ್ಜ ಅಜ್ಜಿಯರೂ ತಂದೆಯೂ ಜೊತೆಗಾರರೂ ಒಬ್ಬೊಬ್ಬರಾಗಿ ಪ್ರಾಣ ಕೊಟ್ಟ ಮೇಲೆ ಕಾಪ್ಪೆಯಿ ಶತ್ರುವಿನ ಗರ್ಭವನ್ನು ಹೊಕ್ಕು ನೋಡಿದರೆ, ಅಲ್ಲಿರುವುದು ದುಷ್ಟರನ್ನು ನಾಶಮಾಡೆಂದು ಯಾರೋ ಎಂದೋ ಅಪ್ಪಣೆ ಕೊಟ್ಟು ಬಿಟ್ಟುಹೋದ ಒಂದು ಯಂತ್ರ! ಅದು ಅವನನ್ನು ಕೇಳುವುದು: ಇಷ್ಟೆಲ್ಲ ಮಾಡಿದ ನಿನಗೆ ಆ ಜನರಲ್ಲಿ ಯಾರು ಕೃತಜ್ಞರಾಗಿರುವರು? ಹುಡುಗನು ಉತ್ತರ ಹೇಳಲಾರದೆ ತಡವರಿಸುವನು. ಒಂಟಿಯಾಗಿ ಭೂಮಿಗೆ ಬಿದ್ದು, ಗೆಳತಿಯೊಬ್ಬಳ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ತೆರೆಯುವಾಗ, ಹಿಂದೆ ಕಲ್ಲೆಸೆದ ಜನರು ಸಮುದ್ರದ ದಡದಲ್ಲಿ ಅವನ ಕಡೆಗೆ ಓಡಿಬರುತ್ತಿರುವುದು ಕಾಣುವುದು. ಆ ಓಟವೇ ಆ ಪ್ರಶ್ನೆಗೆ ಉತ್ತರವೆಂದು ಕೆಲವರು ಹೇಳುವರು. ನಮಗೆ ಅಷ್ಟು ಧೈರ್ಯವಿಲ್ಲ. ಅವರು ಬರುವುದು ಬಹಳ ತಡವಾಯಿತೆಂದೇ ನಮ್ಮ ಭಾವನೆ.

ಒಂದು ವರ್ಷ ಕಳೆದು, ೧೯೭೯ರ ಏಪ್ರಿಲಿನಲ್ಲಿ, ಅದೇ ತೊಮಿನೊ ಅವರ ‘ಮೊಬೈಲ್ ಸೂಟ್ ಗಂಡಮ್’ ಪ್ರಾರಂಭವಾಯಿತು. ಇಲ್ಲಿ ಅನ್ಯಲೋಕದವರಿಲ್ಲ, ಎರಡು ಪಕ್ಷದಲ್ಲಿಯೂ ಮನುಷ್ಯರೇ. ಯಂತ್ರಗಳು ಟ್ಯಾಂಕು ವಿಮಾನಗಳಂತೆ ಕಾರಖಾನೆಯಲ್ಲಿ ಸಾಲುಸಾಲಾಗಿ ತಯಾರಾಗುವುವು. ಇದನ್ನು ಹೊಸ ಯುಗವೆಂದು ಬಲ್ಲವರು ಕೊಂಡಾಡಿರುವರು. ಆಗಲಿ, ಆದರೂ ಅಮುರೊ ಎಂಬ ಹದಿನೈದರ ಹುಡುಗನು ಆಕಸ್ಮಿಕವಾಗಿ ಏರಿದ ಯಂತ್ರವನ್ನು ರೂಪಿಸಿದವನು ಅವನ ತಂದೆಯೇ ಎಂಬುದನ್ನು ವಾಚಕರು ಮರೆಯಲಾಗದು. ಅಚ್ಚು ಹಳೆಯದೇ. ಬೊಂಬೆಗಳು ಮಾರಾಟವಾಗಲಿಲ್ಲ; ೫೨ ಭಾಗಗಳೆಂದು ಗೊತ್ತುಮಾಡಿದ್ದುದನ್ನು ೪೩ಕ್ಕೆ ಮೊಟಕುಗೊಳಿಸಿ ೧೯೮೦ರ ಜನವರಿಯಲ್ಲಿ ನಿಲ್ಲಿಸಿದರು. ಅದೇ ವರ್ಷ ಜುಲೈಯಲ್ಲಿ ಬಾಂದಾಯಿ ಕಂಪೆನಿಯು ೩೦೦ ಯೆನ್ ಬೆಲೆಗೆ ಜೋಡಿಸುವ ಪ್ಲಾಸ್ಟಿಕ್ ಮಾದರಿಯನ್ನು ಹೊರಡಿಸಲು, ಅದನ್ನು ಕೊಳ್ಳಲು ನೂಕುನುಗ್ಗಲಾಯಿತು. ಅಂಗಡಿಯೇ ಕೊಂದುದನ್ನು ಅಂಗಡಿಯೇ ಬದುಕಿಸಿತು.

ಇದರಲ್ಲಿ ತಂದೆಯು ಮೊದಲಲ್ಲಿಯೇ ಸಾಯುವುದಿಲ್ಲ. ಆಕಾಶದಲ್ಲಿ ತೂರಿಹೋಗಿ, ಪ್ರಾಣವಾಯುವಿನ ಕೊರತೆಯಿಂದ ಬುದ್ಧಿ ಕೆಟ್ಟು, ಎಲ್ಲಿಯೋ ಒಂದು ಹಳೆಯ ಸಾಮಾನಿನ ಅಂಗಡಿಯ ಮೇಲೆ ವಾಸವಾಗಿರುವನು. ಮಗನು ಅವನನ್ನು ಕಂಡುಹಿಡಿದು ಬರುವನು. ತಂದೆಗೆ ಮಗನ ಯೋಗಕ್ಷೇಮದ ಮಾತೇ ಬೇಡ. ಗಂಡಮಿಗೆ ಇದನ್ನು ಜೋಡಿಸು, ಬಲ ಹೆಚ್ಚುವುದು ಎಂದು ಒಂದು ಚಿಕ್ಕ ಯಂತ್ರಭಾಗವನ್ನು ಕೈಗಿಡುವನು. ಅದು ಎಂದೋ ಕೆಲಸಕ್ಕೆ ಬಾರದೆ ಹೋದ ಸಾಮಾನು. ಮಗನಿಗೆ ಅದು ಗೊತ್ತು. ಹೊರಗೆ ಬಂದು ಬೀದಿಯಲ್ಲಿ ಅದನ್ನು ಎಸೆದು ಓಡುವನು. ತೆತ್ಸುಜಿನ್ನಿನ ಕಾಲದಿಂದ ಹಿರಿಯರು ಕೊಟ್ಟುದನ್ನು ಕಣ್ಣಿಗೊತ್ತಿಕೊಂಡು ಬಂದ ಹುಡುಗರಲ್ಲಿ ಇವನೊಬ್ಬನು ಅದನ್ನು ಎಸೆದನು. ಎಸೆದುದಕ್ಕಾಗಿ ಅಳುವನು ಕೂಡ.

೧೯೯೫ರಲ್ಲಿ ಹಿದೆಯಾಕಿ ಆನ್ನೊ ಎಂಬವರು ‘ಇವಾಂಗೆಲಿಯನ್’ ಎಂಬ ಮಾಲೆಯಲ್ಲಿ ಈ ಕಥೆಯನ್ನು ಮತ್ತೊಮ್ಮೆ ಹೊಯ್ದರು. ಅಲ್ಲಿ ಹದಿನಾಲ್ಕರ ಹುಡುಗನಿಗೆ ತಂದೆಯಿಂದ ಬಂದ ಕರೆಯು ಯಂತ್ರವನ್ನೇರುವುದಕ್ಕೆ ಮಾತ್ರ, ಮತ್ತೇತಕ್ಕೂ ಅಲ್ಲ. ಅದು ಬೆಳೆದವರಿಗಾಗಿ ಇರುವ ಮಾಲೆ; ಅದರ ವಿಚಾರ ಈ ಪುಟದಲ್ಲಿ ಬೇಡ. ಅದೇ ವರ್ಷ ಜನವರಿಯಲ್ಲಿ ಕೋಬೆ ಪಟ್ಟಣವು ಭೂಕಂಪದಿಂದ ಎರಡನೆಯ ಬಾರಿ ನೆಲಸಮವಾಯಿತು. ಸುಟ್ಟುಹೋದ ನಾಗಾತಾ ಎಂಬ ಭಾಗದಲ್ಲಿ ಜನರು ಮತ್ತೆ ತಲೆಯೆತ್ತಿದ ಗುರುತಿಗಾಗಿ ೨೦೦೯ರಲ್ಲಿ ಒಂದು ಪ್ರತಿಮೆಯನ್ನು ನಿಲ್ಲಿಸಿದರು. ಅದು ದೊರೆಯದಲ್ಲ, ಮಂತ್ರಿಯದಲ್ಲ. ೧೫ ಮೀಟರಿಗೂ ಮಿಕ್ಕಿದ ತೆತ್ಸುಜಿನ್ನಿನ ಉಕ್ಕಿನ ಪ್ರತಿಮೆ. ಯೊಕೊಯಾಮಾ ಅವರು ೨೦೦೪ರಲ್ಲಿಯೇ ತೀರಿಕೊಂಡಿದ್ದರು. ಯುದ್ಧಕ್ಕಾಗಿ ಮಾಡಿದ ಆಳು ಆ ಉದ್ಯಾನದಲ್ಲಿ ಮುಷ್ಟಿ ಚಾಚಿ ನಿಂತಿರುವನು. ಸುತ್ತಲೂ ಮಕ್ಕಳು ಆಡುವರು.

ಇನ್ನು ನಮ್ಮ ಗೃಹಸ್ಥರಿಗೆ ಉತ್ತರ. ಬಿಡಿಸಬೇಡಿರಿ. ಮಾಜಿಂಗರನ್ನು ಪೂರ್ತಿ ನೋಡಬೇಕಾದುದಿಲ್ಲ. ಮೊದಲ ಎರಡು ಮೂರು ಭಾಗಗಳು ಸಾಕು, ಉಳಿದುದನ್ನು ಚಿರಂಜೀವಿಯ ಇಷ್ಟಕ್ಕೆ ಬಿಡಿರಿ. ವೋಲ್ಟೆಸನ್ನು ಮನೆಮಂದಿಯೆಲ್ಲ ಕುಳಿತು ನೋಡಬಹುದು. ಜಾಂಬಾಟನ್ನು ಇನ್ನೂ ಎರಡು ವರ್ಷ ತಡೆದರೆ ಒಳಿತು. ತಂಗಿಯಿದ್ದರೆ ಅವಳ ಎದುರಿಗೆ ಬೇಡವೇ ಬೇಡ. ಗಂಡಮಿನಲ್ಲಿ ಹದಿಮೂರನೆಯ ಭಾಗ ಬಂದಾಗ ಮಾತ್ರ ಮಗನ ಪಕ್ಕದಲ್ಲಿ ತಾವೂ ತಮ್ಮ ಮನೆಯವ್ರೂ ಕುಳಿತುಕೊಳ್ಳಬೇಕೆಂದು ನಮ್ಮ ಕೋರಿಕೆ. ಅದರಲ್ಲಿ ಅಮುರೊ ಬಹುಕಾಲದ ಮೇಲೆ ತಾಯಿಯನ್ನು ಕಾಣಲು ಊರಿಗೆ ಬರುವನು. ನಿರಾಶ್ರಿತರ ಬಿಡಾರದಲ್ಲಿ ಹಾಸಿಗೆಯ ಮೇಲೆ ಮಲಗಿಸಿ ತಾಯಿ ಅವನನ್ನು ಹೊದಿಕೆಯಿಂದ ಮುಚ್ಚಿರುವಳು. ಹುಡುಕುತ್ತ ಬಂದ ಶತ್ರುಸೈನಿಕನೊಬ್ಬನ ಮೇಲೆ ಮಗನು ಹೊದಿಕೆಯೊಳಗಿಂದಲೇ ಗುಂಡು ಹಾರಿಸುವನು. ತಾಯಿ ಒಮ್ಮೆ ಬಿದ್ದವನನ್ನು ನೋಡುವಳು, ಒಮ್ಮೆ ಮಗನನ್ನು ನೋಡುವಳು. ಆಮೇಲೆ ಅವಳು ಆಡುವ ಮಾತನ್ನು ನಾವು ಇಲ್ಲಿ ಹೇಳುವುದಿಲ್ಲ. ಚಿರಂಜೀವಿಯೇ ತಮಗೆ ಅರ್ಥ ಹೇಳುವನು.